ಐ-130 ಹಾಕುವ ಮುನ್ನ ಇನಿಷಿಯಲ್ ಸರಿಮಾಡಿಕೊಳ್ಳಿ

ಮದುವೆಯ ಆಧಾರದ ಗ್ರೀನ್ ಕಾರ್ಡ್ ಅಂದರೆ ಎಲ್ಲರೂ ಹೆದರುವುದು ಮುಂಬೈಯ ಅಮೆರಿಕನ್ ಕಾನ್ಸುಲೇಟಿನ ಸಂದರ್ಶನಕ್ಕೆ. ನಮ್ಮ ಕಡೆಯ ಫೈಲುಗಳು ಸಿಕ್ಕಿಹಾಕಿಕೊಳ್ಳುವುದು ಮಾತ್ರ ಅದಕ್ಕಿಂತ ಬಹಳ ಮೊದಲೇ, ಊರಿನ ಕಾಗದಗಳಲ್ಲಿ. ಗಂಡ ಅಥವಾ ಹೆಂಡತಿ ಅಮೆರಿಕದ ಪ್ರಜೆ, ಇನ್ನೊಬ್ಬರು ಕರ್ನಾಟಕದಲ್ಲಿದ್ದಾರೆ ಎಂದಿಟ್ಟುಕೊಂಡು ಇದನ್ನು ಬರೆದಿದ್ದೇವೆ. ಹೇಳಲು ಸುಲಭವಾಗಲಿ ಎಂದು ಗಂಡ ಅಲ್ಲಿ, ಹೆಂಡತಿ ಇಲ್ಲಿ ಎಂದುಕೊಳ್ಳೋಣ.

ದಾರಿ ಸ್ಥೂಲವಾಗಿ ಹೀಗಿದೆ. ಗಂಡ ಅಮೆರಿಕದ ವಲಸೆ ಇಲಾಖೆಗೆ, ಅಂದರೆ ಯುಎಸ್‌ಸಿಐಎಸ್‌ಗೆ, ಹೆಂಡತಿಯನ್ನು ಕರೆಸಿಕೊಳ್ಳುವ ಐ-130 ಅರ್ಜಿ ಹಾಕುತ್ತಾನೆ, ಹೆಂಡತಿಯ ವಿವರದ ಐ-130ಎ ಅದರ ಜೊತೆಗೇ ಹೋಗುತ್ತದೆ. ಅದು ಮಂಜೂರಾದರೆ ಫೈಲು ನ್ಯಾಷನಲ್ ವೀಸಾ ಸೆಂಟರ್, ಅಂದರೆ ಎನ್‌ವಿಸಿಗೆ ಬರುತ್ತದೆ. ಅಲ್ಲಿ ಶುಲ್ಕ, ಹೆಂಡತಿಯ ವೀಸಾ ಅರ್ಜಿಯಾದ ಡಿಎಸ್-260, ಅವಳ ಖರ್ಚಿಗೆ ನಾನು ಹೊಣೆ ಎಂದು ಗಂಡ ಬರೆದುಕೊಡುವ ಐ-864, ದಾಖಲೆಗಳು. ಆಮೇಲೆ ಮೆಡಿಕಲ್, ಮುಂಬೈ. 2024ರ ಏಪ್ರಿಲ್ 1ರಂದು ಬಂದ ದರದ ಪ್ರಕಾರ ಐ-130ಕ್ಕೆ ಆನ್‌ಲೈನಿನಲ್ಲಿ 625 ಡಾಲರ್, ಕಾಗದದಲ್ಲಿ 675. ಎನ್‌ವಿಸಿಯಲ್ಲಿ ವೀಸಾ ಅರ್ಜಿಗೆ 325, ಐ-864 ಪರಿಶೀಲನೆಗೆ 120. ಎನ್‌ವಿಸಿಯ ಆನ್‌ಲೈನ್ ಪಾವತಿಗೆ ಅಮೆರಿಕದ ಬ್ಯಾಂಕ್ ಖಾತೆಯೇ ಬೇಕು, ಬೆಂಗಳೂರಿನ ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ. ದರಗಳು ಬದಲಾಗುತ್ತಿರುತ್ತವೆ, ಕಟ್ಟುವ ದಿನ ಇನ್ನೊಮ್ಮೆ ನೋಡಿಕೊಳ್ಳಿ.

ಈಗ ಹೆಸರಿನ ವಿಷಯ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಸವಿತಾ ಎಚ್.ಎನ್.’, ಆಧಾರಿನಲ್ಲಿ ‘ಸವಿತಾ ನಂಜುಂಡಪ್ಪ’, ಪಾಸ್‌ಪೋರ್ಟಿನಲ್ಲಿ ಬರೀ ‘ಸವಿತಾ’. ನಮ್ಮಲ್ಲಿ ಇದನ್ನು ಯಾರೂ ತಪ್ಪು ಎನ್ನುವುದಿಲ್ಲ. ಅಮೆರಿಕದ ಕಂಪ್ಯೂಟರಿಗೆ ಮಾತ್ರ ಇವರು ಮೂವರು ಬೇರೆ ಬೇರೆ ಹೆಂಗಸರು. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಇದ್ದರೆ ವೀಸಾದಲ್ಲಿ ಇದ್ದ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಹೊಡೆಯುತ್ತಾರೆ. ಆ ಮೂರಕ್ಷರ ಮುಂದೆ ಡ್ರೈವಿಂಗ್ ಲೈಸೆನ್ಸು, ಬ್ಯಾಂಕು, ಇನ್ಶೂರೆನ್ಸು ಎಲ್ಲ ಕಡೆ ಬೆನ್ನು ಹತ್ತುತ್ತದೆ. ಆದ್ದರಿಂದ ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಿ, ಇನಿಷಿಯಲ್ಲನ್ನು ಪೂರ್ತಿ ಹೆಸರಾಗಿ ಬರೆಸಿ, ಎರಡೂ ಜಾಗ ತುಂಬಿಸಿಕೊಂಡ ಮೇಲೆಯೇ ಐ-130 ಹಾಕುವುದು ಒಳ್ಳೆಯದು. ಅರ್ಜಿ ನಡುದಾರಿಯಲ್ಲಿರುವಾಗ ಗಂಡನ ಮನೆಯ ಹೆಸರು ಸೇರಿಸಲು ಹೋಗಬೇಡಿ. ಹೆಂಡತಿ ಹೆಸರು ಬದಲಿಸಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಹಳೆಯ ದಾಖಲೆಗಳಲ್ಲಿರುವ ಪ್ರತಿಯೊಂದು ರೂಪವನ್ನೂ ಐ-130 ಮತ್ತು ಡಿಎಸ್-260 ಎರಡರಲ್ಲೂ ‘ಬಳಸಿದ ಇತರ ಹೆಸರುಗಳು’ ಎಂಬಲ್ಲಿ ಬರೆಯಿರಿ. ಜೊತೆಗೆ ‘ಇವರೆಲ್ಲ ಒಬ್ಬರೇ’ ಎನ್ನುವ ನೋಟರಿ ಅಫಿಡವಿಟ್ ಒಂದಿರಲಿ.

ಜನನ ಪ್ರಮಾಣಪತ್ರದ ಕತೆ ಇನ್ನೂ ಉದ್ದ. ಜನನ ಮರಣ ನೋಂದಣಿ ಕಾಯಿದೆ 1969ರದ್ದು, ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಕಾಯಿದೆ ಬಂದ ಮೇಲೂ ಹಳ್ಳಿಗಳಲ್ಲಿ ಬರೆಸದೆ ಬಿಟ್ಟವರಿದ್ದಾರೆ. ಬರೆಸಿದವರ ಪತ್ರದಲ್ಲೂ ಮಗುವಿನ ಹೆಸರಿನ ಜಾಗ ಖಾಲಿ ಇರುವುದುಂಟು, ಏಕೆಂದರೆ ನಾಮಕರಣಕ್ಕೆ ಮೊದಲೇ ನೋಂದಣಿ ಆಗಿಹೋಗಿರುತ್ತದೆ. ಹೆಸರಿಲ್ಲದ ಪತ್ರವನ್ನು ಹಾಗೆಯೇ ಅಪ್‌ಲೋಡ್ ಮಾಡಬೇಡಿ, ನೋಂದಣಾಧಿಕಾರಿಯ ಬಳಿ ಹೋಗಿ ಹೆಸರು ಸೇರಿಸಿಸಿ. ನೋಂದಣಿಯೇ ಆಗಿಲ್ಲದಿದ್ದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ತೆಗೆದುಕೊಂಡು, ಅದರೊಂದಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ತಂದೆತಾಯಿಯ ಅಫಿಡವಿಟ್ ಇಡಬೇಕು. ಹುಟ್ಟಿ ಒಂದು ವರ್ಷವಾದ ಮೇಲೆ ನೋಂದಾಯಿಸಿದ ಪತ್ರವಾದರೂ ಇದೇ ಪೂರಕ ದಾಖಲೆಗಳನ್ನು ಕೈಯಲ್ಲಿಟ್ಟುಕೊಳ್ಳಿ.

ಇನ್ನೊಂದು ತೊಡಕು ನಮ್ಮ ಪದ್ಧತಿಯಿಂದಲೇ ಬಂದದ್ದು. ಹೆರಿಗೆ ತವರಿನಲ್ಲಿ, ಬೆಳೆದದ್ದು ಅಪ್ಪನ ಊರಿನಲ್ಲಿ. ಜನನ ಪತ್ರ ಕಡೂರು ಎನ್ನುತ್ತದೆ, ಪಾಸ್‌ಪೋರ್ಟು ಹಾಸನ ಎನ್ನುತ್ತದೆ. ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳಲು ಬರೆದುಕೊಂಡ ಜೂನ್ ತಿಂಗಳ ಹುಟ್ಟುಹಬ್ಬ ಇದ್ದರಂತೂ ತಾರೀಖೂ ಕೂಡುವುದಿಲ್ಲ. ಊರಿನ ವ್ಯತ್ಯಾಸವನ್ನು ವಿವರಿಸಿ ಹೇಳಬಹುದು. ತಾರೀಖಿನ ವ್ಯತ್ಯಾಸಕ್ಕೆ ಬರೀ ಅಫಿಡವಿಟ್ ನೆಚ್ಚಿಕೊಳ್ಳಬೇಡಿ, ಯಾವುದು ಸರಿಯೆಂದು ತೀರ್ಮಾನಿಸಿ ಇನ್ನೊಂದನ್ನು ತಿದ್ದಿಸಿ. ಸಮಯ ಹಿಡಿಯುವ ಕೆಲಸ ಇದು, ಅದಕ್ಕೇ ಮೊದಲು ಶುರುಮಾಡಿ ಎನ್ನುವುದು.

ಮದುವೆಯ ತಾರೀಖಿನಲ್ಲೂ ಹೀಗೆಯೇ ಎಡವುತ್ತಾರೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆ ಆಗುವುದು ಶಾಸ್ತ್ರ ನಡೆದ ದಿನ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದ ದಿನವಲ್ಲ. ಪ್ರಮಾಣಪತ್ರದಲ್ಲಿ ಎರಡೂ ಇರುತ್ತವೆ. ಫಾರಂನಲ್ಲಿ ಧಾರೆಯ ದಿನವನ್ನೇ ಬರೆಯಬೇಕು. ಅದೂ ಅಮೆರಿಕದ ಕ್ರಮದಲ್ಲಿ, ತಿಂಗಳು ಮುಂದೆ, ದಿನ ಆಮೇಲೆ. ಮೇ 11 ನವೆಂಬರ್ 5 ಆಗಿಬಿಟ್ಟರೆ ಫಾರಂ ಅದನ್ನು ತಪ್ಪೆಂದು ಹಿಡಿಯುವುದಿಲ್ಲ. ಗಂಡ ರಜೆ ಮುಗಿಸಿ ವಿಮಾನ ಹತ್ತುವ ಮುಂಚೆ ನೋಂದಣಿ ಮುಗಿದಿರಬೇಕು. ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಆನ್‌ಲೈನ್ ದಾರಿ ಆಧಾರನ್ನು ನೆಚ್ಚಿಕೊಂಡದ್ದು, ಆಧಾರ್ ಇಲ್ಲದ ವರನಿದ್ದರೆ ಲಗ್ನಪತ್ರಿಕೆ, ಫೋಟೊ, ಸಾಕ್ಷಿಗಳ ಸಮೇತ ಕಚೇರಿಗೇ ಹೋಗುವ ಲೆಕ್ಕ ಹಾಕಿ. ಇಬ್ಬರ ಧರ್ಮ ಬೇರೆಯಾಗಿ ವಿಶೇಷ ವಿವಾಹ ಕಾಯಿದೆಯಡಿ ಹೋಗುವುದಾದರೆ 30 ದಿನಗಳ ನೋಟಿಸು ಇದೆ. ಮೂರು ವಾರದ ರಜೆಗೆ ಅದು ಹೊಂದುವುದಿಲ್ಲ.

ಕನ್ನಡದಲ್ಲಿರುವ ಯಾವ ಕಾಗದವನ್ನು ಯುಎಸ್‌ಸಿಐಎಸ್‌ಗೆ ಕೊಟ್ಟರೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಸೀಲಿನಲ್ಲಿರುವ ಅಕ್ಷರವೂ ಸೇರಿ. ‘ಎರಡೂ ಭಾಷೆ ಬಲ್ಲೆ, ಅನುವಾದ ಪೂರ್ಣ ಮತ್ತು ಸರಿ’ ಎಂದು ಅನುವಾದಕರು ಸಹಿ ಮಾಡಿದರೆ ಸಾಕು, ದುಬಾರಿ ಏಜೆನ್ಸಿ ಬೇಕಿಲ್ಲ.

ಮದುವೆ ನಿಜವೆಂದು ತೋರಿಸಲು ಐನೂರು ಫೋಟೊ ಕಳಿಸುವವರಿದ್ದಾರೆ. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಜೊತೆಗಿದ್ದ ದಿನಗಳೇ ಕಡಿಮೆ, ಫೋಟೊ ಎಲ್ಲ ಮಂಟಪದ್ದೇ. ಅದಕ್ಕಿಂತ ತೂಕದ ಕಾಗದಗಳೆಂದರೆ ಛತ್ರದ ರಸೀದಿ, ನಿಶ್ಚಿತಾರ್ಥಕ್ಕೂ ಆಮೇಲಿನ ಭೇಟಿಗಳಿಗೂ ಗಂಡನ ಪಾಸ್‌ಪೋರ್ಟಿಗೆ ಬಿದ್ದ ಮುದ್ರೆಗಳು, ಹಣ ಕಳಿಸಿದ ದಾಖಲೆ, ವಿಮೆ ಮತ್ತು ನಿವೃತ್ತಿ ಖಾತೆಯಲ್ಲಿ ಹೆಂಡತಿಯ ಹೆಸರು ನಾಮಿನಿಯಾಗಿರುವುದು. ವಾಟ್ಸಾಪಿನ ಪುಟಗಳನ್ನು ತಿಂಗಳಿಗೊಂದರಂತೆ ಆರಿಸಿದರೆ ಸಾಕು.

ಐ-864 ಗಂಡನ ಹೊಣೆ. ಆದಾಯ ಬಡತನ ರೇಖೆಯ 125 ಶೇಕಡಾ ಇರಬೇಕು. 2025ರ ಪಟ್ಟಿಯಲ್ಲಿ ಇಬ್ಬರ ಕುಟುಂಬಕ್ಕೆ ಅದು 26,437 ಡಾಲರ್. ಆದರೆ ಗಂಡ ಹಿಂದೆ ತನ್ನ ಅಪ್ಪ ಅಮ್ಮನಿಗೆ ಐ-864 ಬರೆದುಕೊಟ್ಟಿದ್ದು ಆ ಹೊಣೆ ಇನ್ನೂ ಮುಗಿಯದಿದ್ದರೆ ಅವರೂ ತಲೆ ಲೆಕ್ಕಕ್ಕೆ ಬರುತ್ತಾರೆ, ಇದನ್ನು ಮರೆಯುವವರು ಬಹಳ. ಆದಾಯ ಸಾಲದಿದ್ದರೆ ಅಮೆರಿಕದಲ್ಲೇ ವಾಸವಿರುವ ಪ್ರಜೆ ಅಥವಾ ಗ್ರೀನ್ ಕಾರ್ಡ್‌ದಾರರೊಬ್ಬರು ಜಂಟಿ ಸ್ಪಾನ್ಸರ್ ಆಗಬಹುದು. ಇಲ್ಲವೇ ಕೊರತೆಯ ಮೂರು ಪಟ್ಟು ಆಸ್ತಿ ತೋರಿಸಬಹುದು. ಗಂಡನೂ ಬೆಂಗಳೂರಿನಲ್ಲೇ ಕೆಲಸದಲ್ಲಿದ್ದಾನೆ ಎನ್ನಿ, ಆಗ ಇಲ್ಲಿಯ ಸಂಬಳ ಅಲ್ಲಿಗೆ ಹೋದ ಮೇಲೂ ಮುಂದುವರಿಯದಿದ್ದರೆ ಲೆಕ್ಕಕ್ಕಿಲ್ಲ, ಅಮೆರಿಕಕ್ಕೆ ಮರಳಿ ನೆಲೆಸುವ ಪುರಾವೆಯೂ ಬೇಕು. ಹೊರದೇಶದಲ್ಲಿದ್ದೇನೆಂದು ಅಮೆರಿಕದ ತೆರಿಗೆ ರಿಟರ್ನ್ ಹಾಕದೆ ಬಿಟ್ಟವರು ಇಲ್ಲಿ ನಿಂತೇ ಬಿಡುತ್ತಾರೆ.

ಪೊಲೀಸ್ ಪ್ರಮಾಣಪತ್ರ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕವೇ ಆಗಬೇಕು, ಠಾಣೆಯಿಂದ ಬರೆಸಿಕೊಂಡು ಬಂದದ್ದು ಆಗದು. ಶುಲ್ಕ 500 ರೂಪಾಯಿ. ಹೆಂಡತಿ 16 ವರ್ಷದ ನಂತರ ದುಬೈಯಲ್ಲೋ ಬೇರೆಲ್ಲೋ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇದ್ದಿದ್ದರೆ ಆ ದೇಶದ್ದೂ ಬೇಕು. ಪ್ರಮಾಣಪತ್ರಗಳ ಹಿಂಬದಿಯಲ್ಲಿ ಸೀಲು ಇದ್ದರೆ ಎರಡೂ ಮಗ್ಗುಲು ಸ್ಕ್ಯಾನ್ ಮಾಡಿ. ಫೋಟೊ 2 ಇಂಚು ಚೌಕ, ಆರು ತಿಂಗಳ ಒಳಗಿನದು; ಸ್ಟುಡಿಯೊದವರು ರೂಢಿಯಂತೆ ಕೊಡುವ ಚಿಕ್ಕ ಅಳತೆ ಬೇರೆ.

ಮೆಡಿಕಲ್ಲಿಗೆ ಕಾನ್ಸುಲೇಟ್ ಒಪ್ಪಿದ ವೈದ್ಯರೇ ಬೇಕು. ಎದೆಯ ಎಕ್ಸ್‌ರೇಯಲ್ಲಿ ಅನುಮಾನ ಬಂದರೆ ಕಫದ ಕಲ್ಚರ್ ಪರೀಕ್ಷೆಗೆ ಎಂಟು ವಾರ ಹಿಡಿಯಬಹುದು, ಹಾಗಾಗಿ ಸಂದರ್ಶನದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಸಂದರ್ಶನಕ್ಕೆ ಅಪ್‌ಲೋಡ್ ಮಾಡಿದ ಪ್ರತಿ ಕಾಗದದ ಮೂಲಪ್ರತಿ ಕೈಯಲ್ಲಿರಲಿ. ಇನ್ನೂ ಕಾಗದ ಬೇಕೆಂದು ವೀಸಾ ತಡೆಹಿಡಿಯುವ 221(ಜಿ) ಚೀಟಿ ಕೊಟ್ಟರೆ ಗಾಬರಿ ಬೇಡ, ಕೇಳಿದ್ದನ್ನು ಒಂದು ವರ್ಷದೊಳಗೆ ಒದಗಿಸಬೇಕು ಅಷ್ಟೆ.

ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಅರ್ಜಿ ಹಾಕೋಣ ಎಂಬ ಉಪಾಯ ಹೇಳುವವರು ಸಿಗುತ್ತಾರೆ. ಒಳಹೋಗುವಾಗಲೇ ಆ ಉದ್ದೇಶವಿದ್ದು ಅಧಿಕಾರಿಗೆ ಬೇರೆ ಹೇಳಿದರೆ ಅದು ಸುಳ್ಳು ಹೇಳಿಕೆ, ಶಾಶ್ವತ ನಿಷೇಧದವರೆಗೂ ಹೋಗಬಲ್ಲದು. ಇನ್ನು ಗಂಡ ಪ್ರಜೆಯಲ್ಲ, ಅವನಿಗೆ ಕೆಲಸದ ಮೂಲಕ ಗ್ರೀನ್ ಕಾರ್ಡ್ ಬರುವುದಿದೆ ಎಂದಾದರೆ, ಅದು ಕೈಗೆ ಬರುವ ಮುನ್ನವೇ ಮದುವೆಯಾಗಿದ್ದರೆ ಹೆಂಡತಿ ಅವನ ಸರದಿಯಲ್ಲೇ ಬರಬಹುದು. ಕಾರ್ಡ್ ಬಂದ ಮೇಲೆ ಮದುವೆಯಾದರೆ ಗ್ರೀನ್ ಕಾರ್ಡ್‌ದಾರರ ಹೆಂಡತಿ ಮಕ್ಕಳಿಗಿರುವ ಎಫ್2ಎ ಸಾಲಿನಲ್ಲಿ ಕಾಯಬೇಕು. ಮುಹೂರ್ತ ಇಡುವ ಮುಂಚೆ ತಿಳಿದಿರಬೇಕಾದ ಸಂಗತಿ.

ವೀಸಾ ಬಂದ ಮೇಲೆ ಯುಎಸ್‌ಸಿಐಎಸ್‌ಗೆ 235 ಡಾಲರ್ ಕಟ್ಟದಿದ್ದರೆ ಕಾರ್ಡ್ ಬರುವುದಿಲ್ಲ. ಅಮೆರಿಕಕ್ಕೆ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡು. ಅದು ಮುಗಿಯುವ ಮುನ್ನಿನ 90 ದಿನಗಳಲ್ಲಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ಅದಕ್ಕೆ ಬೇಕಾದ ಜಂಟಿ ಖಾತೆ, ಬಾಡಿಗೆ ಕರಾರು, ತೆರಿಗೆ ರಿಟರ್ನ್ ಹೆಂಡತಿ ಅಲ್ಲಿಗೆ ಹೋಗಿ ಸೇರಿದ ತಿಂಗಳಿಂದಲೇ ಇಬ್ಬರ ಹೆಸರಿನಲ್ಲಿರಲಿ. ಮನೆ ಬದಲಿಸಿದರೆ ಹತ್ತು ದಿನದೊಳಗೆ ಯುಎಸ್‌ಸಿಐಎಸ್‌ಗೆ ಹೊಸ ವಿಳಾಸ ತಿಳಿಸಬೇಕು. ಅಂಚೆ ಇಲಾಖೆಗೆ ತಿಳಿಸಿದ್ದು ಇದಕ್ಕೆ ಸಲ್ಲುವುದಿಲ್ಲ.