ಇಲ್ಲ, ಪ್ಲಾಸ್ಟಿಕ್ ಸರ್ಜರಿ ಮಾಡಿಸಿದರೂ ಮೊದಲಿನ ಹಾಗೆ ಆಗುವುದಿಲ್ಲ

ಆ್ಯಸಿಡ್ ದಾಳಿಯ ಸುದ್ದಿ ಟಿ.ವಿ.ಯಲ್ಲಿ ಬಂದ ವಾರ ಈ ಪ್ರಶ್ನೆ ತಪ್ಪಿದ್ದಲ್ಲ: ‘ಈಗೆಲ್ಲ ಪ್ಲಾಸ್ಟಿಕ್ ಸರ್ಜರಿ ಇದೆಯಲ್ಲ, ಮೊದಲಿನ ಹಾಗೇ ಆಗುತ್ತಲ್ವಾ?’ ಆ ‘ಅಲ್ವಾ’ ನೋಡಿ. ಕೇಳುವವರಿಗೆ ಬೇಕಿರುವುದು ಒಂದು ‘ಹೌದು’. ಅದು ಸಿಕ್ಕರೆ ನೆಮ್ಮದಿಯಾಗಿ ಚಾನೆಲ್ ಬದಲಿಸಬಹುದು. ಸಿಗುವುದಿಲ್ಲ.

ಸಿನಿಮಾದಲ್ಲಿ ಬ್ಯಾಂಡೇಜು ಬಿಚ್ಚಿದರೆ ಹೊಸ ಮುಖ, ಕಣ್ಣಿಗೆ ಕಾಡಿಗೆ ಸಮೇತ. ವಾರ್ಡಿನಲ್ಲಿ ತೊಡೆಯ ಚರ್ಮವನ್ನು ತೆಳ್ಳಗೆ ತೆಗೆದು ಸುಟ್ಟ ಜಾಗಕ್ಕೆ ಕೂರಿಸುತ್ತಾರೆ. ಹಿಡಿದುಕೊಂಡಿತು ಅನ್ನುವಷ್ಟರಲ್ಲಿ ಅದು ಕುಗ್ಗತೊಡಗುತ್ತದೆ. ಕುಗ್ಗುತ್ತಾ ಕೆಳರೆಪ್ಪೆಯನ್ನು ಕೆಳಕ್ಕೆ, ತುಟಿಯನ್ನು ಓರೆಗೆ, ಗದ್ದವನ್ನು ಎದೆಯ ಕಡೆಗೆ ಎಳೆಯುತ್ತದೆ. ರೆಪ್ಪೆ ಮುಚ್ಚದಿದ್ದರೆ ಕಣ್ಣು ಒಣಗಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಹುಣ್ಣಾಗುತ್ತದೆ. ಹಾಗಾಗಿ ಮೊದಲ ಆಪರೇಷನ್‌ಗಳು ಚಂದಕ್ಕಲ್ಲ. ಕಣ್ಣು ಮುಚ್ಚಲಿ, ಬಾಯಿ ತೆರೆಯಲಿ, ಮೂಗಿನ ಹೊಳ್ಳೆ ಕಟ್ಟದಿರಲಿ ಅಂತ. ಕಲೆ ಉಬ್ಬದಿರಲು ಬಿಗಿಯಾದ ಪ್ರೆಶರ್ ಗಾರ್ಮೆಂಟನ್ನು ದಿನಕ್ಕೆ 23 ಗಂಟೆ, ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತೊಟ್ಟಿರಬೇಕು. ಕಸಿ ಮಾಡಿದ ಚರ್ಮ ಸರಿಯಾಗಿ ಬೆವರುವುದೂ ಇಲ್ಲ. ರಾಯಚೂರಿನ ಬೇಸಿಗೆಯಲ್ಲಿ ಆ ಬಿಗಿ ಗಾರ್ಮೆಂಟ್ ತೊಟ್ಟು ಕೂತಿದ್ದೇವೆ ಅಂದುಕೊಂಡು ಇನ್ನೊಮ್ಮೆ ‘ಅಲ್ವಾ’ ಅನ್ನಿ.

ಮೊಬೈಲ್‌ನಲ್ಲಿ ಬ್ಯಾಂಕಿಗೆ ಗುರುತು ತೋರಿಸುವ ಕೆವೈಸಿ ಮಾಡಿಸಲು ಹೋದರೆ ಆ್ಯಪ್ ‘ಕಣ್ಣು ಮಿಟುಕಿಸಿ’ ಅನ್ನುತ್ತಿತ್ತು. ರೆಪ್ಪೆ ಸುಟ್ಟುಹೋದವರು ಏನನ್ನು ಮಿಟುಕಿಸಬೇಕು? ಬೇರೆ ದಾರಿ ಕೊಡಿ ಅನ್ನಲು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಸರಿಪಡಿಸಲು ಸರ್ಜನ್‌ಗೆ ಮುಖದಲ್ಲಿ ಎಷ್ಟು ಉಳಿದಿರುತ್ತದೆ ಅನ್ನುವುದು ಬಹುಪಾಲು ದಾಳಿಯಾದ ರಸ್ತೆಯಲ್ಲೇ ತೀರ್ಮಾನವಾಗುತ್ತದೆ. ‘ಪಕ್ಕದಲ್ಲಿ ನಾನಿದ್ದರೆ ಏನು ಮಾಡಲಿ?’ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನೀರು ಸುರಿಯಿರಿ. ಕೊಳಾಯಿ, ಕ್ಯಾನು, ಹೋಟೆಲಿನ ಡ್ರಮ್ಮು, ಯಾವುದಾದರೂ ಸರಿ, ಶುದ್ಧ ನೀರಿರಲಿ. 20 ನಿಮಿಷಕ್ಕೆ ಕಡಿಮೆ ಬೇಡ, ಉರಿ ನಿಲ್ಲದಿದ್ದರೆ ಇನ್ನೂ ಹೆಚ್ಚು. 108ಕ್ಕೆ ಬೇರೆಯವರು ಫೋನ್ ಮಾಡಲಿ, ನೀವು ನಿಲ್ಲಿಸಬೇಡಿ. ಒದ್ದೆ ಕರವಸ್ತ್ರದಿಂದ ಒರೆಸುವುದು ಕೆಡುಕು: ಸಲ್ಫ್ಯೂರಿಕ್ ಆ್ಯಸಿಡ್‌ಗೆ ಸ್ವಲ್ಪವೇ ನೀರು ಸೇರಿದರೆ ಬಿಸಿಯೇರುತ್ತದೆ, ಧಾರಾಳ ಸುರಿದರೆ ಆ ಬಿಸಿಯೂ ಕೊಚ್ಚಿಹೋಗುತ್ತದೆ. ಬಟ್ಟೆಯನ್ನು ತಲೆಯ ಮೇಲಿಂದ ಎಳೆಯದೆ ಕತ್ತರಿಸಿ ತೆಗೆಯಿರಿ. ಓಲೆ, ಸರ, ಬಳೆ ಬಿಚ್ಚಿ. ಒಂದು ಕಣ್ಣಿಗೆ ಬಿದ್ದಿದ್ದರೆ ತಲೆಯನ್ನು ಅದೇ ಕಡೆಗೆ ವಾಲಿಸಿ, ರೆಪ್ಪೆ ಬಿಡಿಸಿ, ಮೂಗಿನ ಕಡೆಯಿಂದ ಹೊರಕ್ಕೆ ನೀರು ಬಿಡಿ; ಇಲ್ಲವಾದರೆ ಚೆನ್ನಾಗಿರುವ ಕಣ್ಣಿಗೂ ಹರಿಯುತ್ತದೆ. ನಿಮ್ಮ ಕೈಗೆ ಪ್ಲಾಸ್ಟಿಕ್ ಕವರ್ ಇರಲಿ. ಅರಿಶಿನ, ಟೂತ್‌ಪೇಸ್ಟ್, ಬೆಣ್ಣೆ ಬೇಡವೇ ಬೇಡ. ಹೈಸ್ಕೂಲ್ ಕೆಮಿಸ್ಟ್ರಿ ನೆನಪಾಗಿ ಅಡುಗೆ ಸೋಡಾ ತರುವ ಬುದ್ಧಿವಂತರೂ ಇರುತ್ತಾರೆ. ಅವರನ್ನು ಬಕೆಟ್ ತುಂಬಿಸಲು ಕಳಿಸಿ.

ಆಸ್ಪತ್ರೆಯಲ್ಲಿ ‘ಪೊಲೀಸ್ ಕೇಸು, ಮೊದಲು ಠಾಣೆಗೆ ಹೋಗಿ’ ಅಂದರೆ ಕದಲಬೇಡಿ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕು ಅನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ; ನಿರಾಕರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು. ಮೊದಲು ಚಿಕಿತ್ಸೆ ಕೊಟ್ಟ ಆಸ್ಪತ್ರೆ ‘ಆ್ಯಸಿಡ್ ದಾಳಿಗೆ ಒಳಗಾದವರು’ ಎಂಬ ಪ್ರಮಾಣಪತ್ರ ಕೊಡಬೇಕೆಂದು 2015ರ ಸುಪ್ರೀಂ ಕೋರ್ಟ್ ಆದೇಶವಿದೆ. ಬಿಡದೆ ಕೇಳಿ ಪಡೆಯಿರಿ, ಮುಂದಿನ ಆಪರೇಷನ್‌ಗಳಿಗೆಲ್ಲ ಅದೇ ಆಧಾರ. ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ: ಕನಿಷ್ಠ 3 ಲಕ್ಷ, ಅದರಲ್ಲಿ 1 ಲಕ್ಷ 15 ದಿನದೊಳಗೆ. ಅಷ್ಟು ಆಪರೇಷನ್‌ಗಳ ಮುಂದೆ 3 ಲಕ್ಷ ಯಾವ ಲೆಕ್ಕ, ನೀವೇ ಹೇಳಿ.

ಇನ್ನು ಆ್ಯಸಿಡ್ ಸಿಗುವ ಜಾಗ. ಸುಪ್ರೀಂ ಕೋರ್ಟಿನ 2013ರ ಜುಲೈ 18ರ ಆದೇಶದಂತೆ ಮಾರುವವರು ಪುಸ್ತಕ ಇಡಬೇಕು. ಕೊಳ್ಳುವವರ ವಿಳಾಸ, ಗುರುತಿನ ಚೀಟಿ, ಕೊಳ್ಳುವ ಕಾರಣ ಬರೆದುಕೊಳ್ಳಬೇಕು, 18 ತುಂಬದವರಿಗೆ ಕೊಡಬಾರದು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಹಳೇ ನೀರಿನ ಬಾಟಲಿಯಲ್ಲಿ ತುಂಬಿಸಿ, ‘ಬಾತ್‌ರೂಮ್ ಆ್ಯಸಿಡ್’ ಅಂತ ಕೂಗುತ್ತಾ ಬರುವ ಗಾಡಿಯಲ್ಲಿ ಆ ಪುಸ್ತಕ ಎಲ್ಲಿರುತ್ತದೆ? ನೀವೂ ಕೊಂಡಿರುತ್ತೀರಿ, ಕೆಟ್ಟ ಉದ್ದೇಶದಿಂದಲ್ಲ, ಟೈಲ್ಸ್ ಕಲೆಗೆ. ಗಡಸು ನೀರಿನ ಆ ಕಲೆಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್ ಪುಡಿ) ಬಿಸಿನೀರಿನಲ್ಲಿ ಕದಡಿ, ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಕೈ ಸ್ವಲ್ಪ ನೋಯುತ್ತದೆ.