ಅಕ್ಕನ ದನಿಗೆ ಮುಖ ಬಂದ ದಿನ

ಅಕ್ಕ ಗಣಿತದ ಪಾಠಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮಕ್ಕಳಿಗೆ ಕಳಿಸುತ್ತಾಳೆ. ಬರೀ ದನಿ ಕೇಳುತ್ತಾ ಚಿಕ್ಕ ಮಕ್ಕಳು ಜಾಸ್ತಿ ಹೊತ್ತು ಕೂರುವುದಿಲ್ಲ, ಅಲ್ವಾ? ಆದರೆ ಕ್ಯಾಮೆರಾ ಮುಂದೆ ನಿಲ್ಲಲು ಅವಳಿಗೆ ಸುತರಾಂ ಇಷ್ಟವಿಲ್ಲ. "ನನ್ನ ಫೋಟೊ ಮಾತ್ರ ಹಾಕಬೇಡ ಕಣೋ" ಅಂದಳು. ಒಂದು ರಜೆಯ ದಿನ ಅವಳ ಪಾಠಗಳನ್ನು ಮಾತಾಡುವ ಗೊಂಬೆಯ ವಿಡಿಯೊ ಮಾಡಲು ಕೂತೆ.

ಒಂದು ಫೋಟೊ, ಒಂದು ಆಡಿಯೊ ಕೊಟ್ಟರೆ ಮುಖವನ್ನೇ ಮಾತಾಡಿಸುವ ಸ್ಯಾಡ್‌ಟಾಕರ್‌ನಂಥ ಪ್ರೋಗ್ರಾಂಗಳಿವೆ. ಅವುಗಳಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಅದಿರಲಿ, ಅಕ್ಕ ಬೇಡ ಅಂದ ಮೇಲೆ ಅವಳ ಮುಖ ಮುಟ್ಟುವ ಮಾತೇ ಇಲ್ಲ. ಯಾರದೇ ಮುಖವಾಗಲಿ, ಕೇಳದೆ ಮಾತಾಡಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೈಯಲ್ಲಿ ಬಿಡಿಸಿದ ಗೊಂಬೆ ಸಾಕು.

ರೂಬಾರ್ಬ್ ಲಿಪ್ ಸಿಂಕ್ ಅನ್ನುವ ಉಚಿತ ಪ್ರೋಗ್ರಾಂ, ಆಜ್ಞೆಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್‌ನಲ್ಲೇ ಓಡುತ್ತದೆ. ದನಿ ಕೇಳಿ, ಯಾವ ಕ್ಷಣಕ್ಕೆ ಬಾಯಿ ಯಾವ ಆಕಾರದಲ್ಲಿರಬೇಕು ಅಂತ ಪಟ್ಟಿ ಬರೆದುಕೊಡುತ್ತದೆ. ಮೂಲ ಆಕಾರಗಳು 6, ಬೇಕಿದ್ದರೆ ಇನ್ನೂ 3. ತುಟಿ ಮುಚ್ಚಿದ್ದು ಒಂದು, ಅಗಲವಾಗಿ ತೆರೆದದ್ದು ಒಂದು, ಉರುಟಾಗಿಸಿದ್ದು ಒಂದು, ಹೀಗೆ. ಅದರ ಮಾಮೂಲಿ ವಿಧಾನ ಇಂಗ್ಲಿಷಿಗಾಗಿ ಮಾಡಿದ್ದು. ಕನ್ನಡಕ್ಕೆ 'ಫೊನೆಟಿಕ್' ಅನ್ನುವ ಆಯ್ಕೆ ಕೊಡಬೇಕು, ಆಗ ಅದು ಪದ ಹುಡುಕದೆ ಬರೀ ಉಚ್ಚಾರ ನೋಡುತ್ತದೆ. ಫೋನಿನ ಎಂ4ಎ ಮಾದರಿಯ ಆಡಿಯೊ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಫೈಲುಗಳ ರೂಪ ಬದಲಿಸುವ ಪ್ರೋಗ್ರಾಂ ಎಫ್‌ಎಫ್‌ಎಂಪೆಗ್‌ನಲ್ಲಿ ವೇವ್ ಫೈಲ್ ಮಾಡಿಕೊಂಡೆ. ಫ್ಯಾನಿನ ಗುಂಯ್ ಸದ್ದನ್ನೂ ಅಲ್ಲೇ ತಗ್ಗಿಸಿದೆ. ಒಂದೊಂದು ಆಕಾರಕ್ಕೂ ಗೊಂಬೆಯ ಒಂದು ಚಿತ್ರ ಬಿಡಿಸಿ, ಪಟ್ಟಿಯ ಪ್ರಕಾರ ದನಿಗೆ ಜೋಡಿಸಿದೆ.

ಮೊದಲ ವಿಡಿಯೊದಲ್ಲಿ ನಾನು ನೋಡಿದ್ದು ಒಂದೇ ಪದ: 'ಒಂಬತ್ತು'. ಒ ಅನ್ನುವಾಗ ತುಟಿ ಉರುಟಾಗಬೇಕು, 'ಂಬ'ಗೆ ಪೂರ್ತಿ ಮುಚ್ಚಬೇಕು, ಆಮೇಲೆ ತೆರೆದು, ಹಲ್ಲು ಕಂಡು, ಕೊನೆಯ ಉಕಾರಕ್ಕೆ ಮತ್ತೆ ಉರುಟು. ಇದರಲ್ಲಿ ತುಟಿ ಮುಚ್ಚುವುದೇ ಜೀವಾಳ. ಪ, ಬ, ಮ ಬಂದಾಗ ಬಾಯಿ ತೆರೆದೇ ಇದ್ದರೆ ಮಿಕ್ಕಿದ್ದೆಲ್ಲ ಸರಿಯಿದ್ದರೂ ಗೊಂಬೆ ಸುಳ್ಳು ಅನ್ನಿಸುತ್ತದೆ. ಕಣ್ಣು ಕಿವಿಯನ್ನೇ ತಿದ್ದುತ್ತದೆ. ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ ಅನ್ನುವ ಮನೋವಿಜ್ಞಾನಿಗಳು 1976ರಲ್ಲಿ ತೋರಿಸಿದ್ದು ಇದನ್ನೇ: 'ಬ' ಅನ್ನುವ ಸದ್ದಿಗೆ 'ಗ' ಅನ್ನುವ ತುಟಿ ಜೋಡಿಸಿದರೆ ಎಷ್ಟೋ ಜನಕ್ಕೆ 'ಡ' ಕೇಳಿಸುತ್ತದೆ. ಪಾಠ ಕೇಳುವ ಮಗುವಿಗೆ ಹಾಗಾಗಬಾರದಲ್ಲ.

ಸೆಕೆಂಡಿಗೆ 25 ಚಿತ್ರ ಇಟ್ಟುಕೊಂಡೆ, ಅಂದರೆ ಒಂದೊಂದೂ 40 ಮಿಲಿಸೆಕೆಂಡ್. ತುಟಿ ಮುಚ್ಚಿರುವುದು ಎರಡು-ಮೂರು ಚಿತ್ರಗಳಷ್ಟೇ ಹೊತ್ತು. ಚಿತ್ರ ಕಡಿಮೆ ಮಾಡಿದರೆ ಅದೇ ಮೊದಲು ಮಾಯವಾಗುತ್ತದೆ. ಇನ್ನೊಂದು: ದನಿ ತುಟಿಗಿಂತ ಮೊದಲು ಬಂದರೆ ನಮಗೆ ಬೇಗ ಗೊತ್ತಾಗುತ್ತದೆ, ಸ್ವಲ್ಪ ತಡವಾದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಬಾಯಿಯನ್ನು ಒಂದು ಚಿತ್ರದಷ್ಟು ಮುಂಚೆ ಇಟ್ಟೆ. ಅಷ್ಟಕ್ಕೇ 'ಒಂಬತ್ತು' ಕಳೆಗಟ್ಟಿತು.

ಆಮೇಲಿನ ಕೆಲಸ ಸಲೀಸು. ಫೋಲ್ಡರಿನಲ್ಲಿರುವ ಒಂದೊಂದು ಫೈಲಿಗೂ ಇದೇ ಮಾಡು ಅಂತ ಪುಟ್ಟ ಸ್ಕ್ರಿಪ್ಟ್ ಬರೆದು ಎಂಟರ್ ಒತ್ತಿದೆ. ಹೀಗೆ ಆಜ್ಞೆ ಟೈಪ್ ಮಾಡುವ ಕಮ್ಯಾಂಡ್ ಲೈನಿನ ಸುಖ ಇಲ್ಲೇ ಇರುವುದು. ಮೌಸ್ ಹಿಡಿದು ಪ್ರತಿ ಪಾಠಕ್ಕೂ ಅದೇ ಬಟನ್ ಒತ್ತುತ್ತಾ ಕೂರಬೇಕಿಲ್ಲ.

ಸಂಜೆ ಅಕ್ಕನಿಗೆ ಭಾಗಾಕಾರದ ಪಾಠ ತೋರಿಸಿದೆ. ಎರಡು ಸಲ ನೋಡಿದಳು. "ನಾನು ಲೆಕ್ಕ ಕೊಟ್ಟು ಸುಮ್ನೆ ಇರ್ತೀನಲ್ಲ, ಅವರು ಮಾಡಲಿ ಅಂತ. ಆಗ ಇದು ಸತ್ತ ಹಾಗೆ ನಿಂತುಬಿಡುತ್ತೆ. ಕಣ್ಣಾದರೂ ಮಿಟುಕಿಸಲಿ" ಅಂದಳು. ಮಾತಿನ ಮೇಲೆ ಅಷ್ಟು ಗಮನ ಇಟ್ಟಿದ್ದ ನನಗೆ ಮೌನಕ್ಕೂ ಕೆಲಸ ಇದೆ ಅಂತ ಆಗ ಕಂಡಿತು. ಪಟ್ಟಿಯಲ್ಲಿ ಮೌನಕ್ಕೆ ಬೇರೆಯೇ ಗುರುತಿದೆ. ಅದು ಉದ್ದವಾಗಿ ಬಂದ ಕಡೆಯೆಲ್ಲ ಕಣ್ಣು ಮುಚ್ಚಿದ ಚಿತ್ರ ತೂರಿಸುವಂತೆ ಸ್ಕ್ರಿಪ್ಟಿಗೆ ನಾಲ್ಕು ಸಾಲು ಸೇರಿಸಿ, ಎಲ್ಲ ಪಾಠಗಳನ್ನೂ ಮತ್ತೆ ಓಡಿಸಿದೆ.