ಹೊಸ ಚಾರ್ಟು, ಹಳೆಯ ಪಾಸ್‌ವರ್ಡು

ನಮ್ಮ ಕ್ಷಯರೋಗ ವಿಭಾಗವನ್ನು ಎಚ್‌ಐವಿ ವಿಭಾಗಕ್ಕೆ ಸೇರಿಸಿ ಮೂರು ವಾರವಾಯಿತು. ಬಾಗಿಲಿನ ಬೋರ್ಡು ಹೋಗಿದೆ, ಅಂಟಿನ ಗುರುತು ಉಳಿದಿದೆ.

ಸೇರಿಸಿದ್ದೇ ತಪ್ಪು ಅಂತ ನಾನು ಹೇಳಲಾರೆ. ಎಚ್‌ಐವಿ ಇದ್ದವರಲ್ಲಿ ಕ್ಷಯ ಬೇಗ ಉಲ್ಬಣಿಸುತ್ತದೆ, ಎರಡನ್ನೂ ಒಟ್ಟಿಗೆ ನೋಡುವುದೇ ಸರಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೂಡ 1946ರಲ್ಲಿ ಮುಖ್ಯವಾಗಿ ಮಲೇರಿಯಾ ನಿಯಂತ್ರಣಕ್ಕೆಂದು ಶುರುವಾಗಿ, 1957ರಲ್ಲಿ ಲೈಂಗಿಕ ರೋಗ, 1960ರಲ್ಲಿ ಕ್ಷಯ ಅಂತ ಒಂದೊಂದನ್ನೇ ಒಳಗೆಳೆದುಕೊಂಡು ಬೆಳೆದದ್ದು.

ನನ್ನ ತಕರಾರು ಬೇರೆ. ಎಚ್‌ಐವಿಯವರ ಪಟ್ಟಿಯಲ್ಲಿ ರೋಗಿಯ ಹೆಸರಿಲ್ಲ, ಸಂಕೇತ ಸಂಖ್ಯೆ ಮಾತ್ರ. ನಮ್ಮದರಲ್ಲಿ ಹೆಸರು, ವಿಳಾಸ, ಫೋನು ಎಲ್ಲ ಉಂಟು. ಆರು ತಿಂಗಳು ಮಾತ್ರೆ ನುಂಗಿದರೋ ಇಲ್ಲವೋ ಅಂತ ಬೆನ್ನು ಹತ್ತಬೇಕಲ್ಲ! ಇವೆರಡನ್ನು ಜೋಡಿಸುವುದು ಹೇಗೆ, ಜೋಡಿಸಿದ್ದನ್ನು ಯಾರೆಲ್ಲ ನೋಡಬಹುದು? ಯಾವ ವಿಭಾಗ ಯಾವುದರ ಕೆಳಗೆ ಅಂತ ತೋರಿಸುವ ಹೊಸ ಚಾರ್ಟಿನಲ್ಲಿ ಬಾಣದ ಗುರುತು ಎಳೆದವರು ಇದನ್ನು ಕೇಳಿಕೊಂಡಂತಿಲ್ಲ.

ಮೊನ್ನೆ ಔಷಧಕ್ಕೆ ಬಗ್ಗದ ಕ್ಷಯದ ಲ್ಯಾಬ್ ವರದಿಯೊಂದು, ಯಾರೂ ತೆರೆಯದ ಹಳೆಯ ಇಮೇಲ್ ಖಾತೆಯಲ್ಲಿ ನಾಲ್ಕು ದಿನ ಕೂತಿತ್ತು. ಸಿಕ್ಕಿದ್ದು ನನಗೆ ಹಳೆಯ ಪಾಸ್‌ವರ್ಡು ನೆನಪಿದ್ದುದರಿಂದ. ಆ ಖಾತೆಯನ್ನು ಮುಚ್ಚಿಬಿಡಿ ಅಂತ ಸುತ್ತೋಲೆ ಬಂದಿದೆ. ಇವತ್ತೂ ಬೆಳಿಗ್ಗೆ ಮೊದಲು ಅದನ್ನೇ ತೆರೆದೆ.